ಮುದ್ದೆಗೆ ಮುಂಚೆ ಒಂದು ಹಿಡಿ ಈಸಲು

ಹೊಳಲ್ಕೆರೆಯ ಶುಗರ್ ಡಾಕ್ಟರು ನನಗೆ ಮೂರು ತಿಂಗಳ ವಾಯಿದೆ ಕೊಟ್ಟಿದ್ದರು. ಅಷ್ಟರೊಳಗೆ ತೂಕ ಇಳಿಸಬೇಕು, ಇಲ್ಲವಾದರೆ ದಿನಾ ಇನ್ಸುಲಿನ್ ಸೂಜಿ. ಸೂಜಿ ಅಂದರೆ ನನಗೆ ಕೈಕಾಲು ತಣ್ಣಗಾಗುತ್ತವೆ. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಕೆಲಸ ನನ್ನದು. ಕುಂತ ಜಾಗದಲ್ಲೇ ಕುಂತು, ಬಂದ ರೈಲಿಗೊಂದು ಮಿರ್ಚಿ ಅಂತ ತಿಂದು ಬೆಳೆಸಿದ ಹೊಟ್ಟೆ ಇದು. ಮನೆಗೆ ಹೋದರೆ ಮೂರು ಮುದ್ದೆ. ಎರಡಕ್ಕೇ ಎದ್ದರೆ ನಿದ್ದೆ ಹತ್ತಲ್ಲ, ಏನ್ ಮಾಡಾಣ?

ಆಹಾರ ವಿಜ್ಞಾನ ಓದುತ್ತಿರುವ ಮಗಳು ಫೋನಿನಲ್ಲಿ ಹೇಳಿದಳು. "ಅಪ್ಪ, ಈಗ ಹುಳದ ಪ್ರೋಟೀನ್ ಮೇಲೆ ಪರೀಕ್ಷೆ ನಡೀತಾ ಐತೆ. ಪ್ರೋಟೀನ್ ಹೊಟ್ಟೆಗೆ ಬಿದ್ರೆ ಕರುಳಿಂದ ಹಾರ್ಮೋನ್ ಹೊರಟು ಮೆದುಳಿಗೆ ಸಾಕು ಅಂತ ಹೇಳ್ತವೆ. ಹುಳ ತಿಂದ್ರೂ ಹಂಗೇ ಆಗುತ್ತಾ ಅಂತ ನೋಡ್ತಾ ಇದಾರೆ. ಮಿಡತೆ ಹಿಟ್ಟಿನ ಬಿಸ್ಕತ್ತೂ ಬಂದವೆ."

"ಬಿಸ್ಕತ್ತು ಯಾಕವ್ವ? ನಮ್ಮೂರಾಗೆ ಈಸಲು ಇಲ್ವಾ?" ಅಂದೆ.

ಈಸಲು ಅಂದರೆ ಮೊದಲ ಮಳೆ ಬಿದ್ದಾಗ ಹುತ್ತದಿಂದ ಏಳುವ ರೆಕ್ಕೆಯ ಗೆದ್ದಲು. ಕುರಿ ಕಾಯುವ ನಮ್ಮ ಮನೆಗಳಲ್ಲಿ ಹುತ್ತಕ್ಕೆ ಕಂಬಳಿ ಹೊದಿಸಿ ಅವನ್ನು ಗಡಿಗೆಗೆ ಇಳಿಸಿ, ಒಣಗಿಸಿ, ಮೊರದಲ್ಲಿ ರೆಕ್ಕೆ ಕೇರಿ, ಉಪ್ಪು ಹಾಕಿ ಹುರಿಯುತ್ತಾರೆ. ನೌಕರಿ ಸಿಕ್ಕ ಮೇಲೆ ಇದನ್ನು ನಾನು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಹುಳ ತಿನ್ನೋರು ಅಂತ ಹೆಸರು ಬಿದ್ದರೆ ಕಷ್ಟ ನೋಡಿ. ಈಗ ವಿಜ್ಞಾನವೇ ನಮ್ಮ ಕಡೆ ನಿಂತಿತಲ್ಲ, ಧೈರ್ಯ ಬಂತು.

ಮಳೆ ಬಿತ್ತು ಅಂತ ಅಣ್ಣ ಫೋನ್ ಮಾಡಿದ್ದೇ ತಡ, ರಜೆ ಹಾಕಿ ಹಿರಿಯೂರಿಗೆ ಹೋಗಿ ಧರ್ಮಪುರದ ಬಸ್ಸು ಹತ್ತಿದೆ. ನಮ್ಮ ಹಟ್ಟಿ ಅದರ ಪಕ್ಕವೇ. ಅವ್ವ ಇರುವುದು ಅಣ್ಣನ ಮನೆಯಲ್ಲಿ, ಆದರೆ ಒಲೆ ಮುಂದಿನ ಜಾಗವನ್ನು ಇವತ್ತಿಗೂ ಅತ್ತಿಗೆಗೆ ಬಿಟ್ಟುಕೊಟ್ಟಿಲ್ಲ. ನಾನು ಹೋಗುವಷ್ಟರಲ್ಲಿ ಈಸಲು ಹುರಿದಾಗಿತ್ತು. ಅಬ್ಬಾ, ಆ ಘಮ! ಬ್ಯಾಗು ಕೂಡ ಇಳಿಸಲಿಲ್ಲ. ಮಂಡಕ್ಕಿ, ಶೇಂಗಾ, ಬೆಲ್ಲ ಎಲ್ಲಾ ಕಲಸಿ ಒಂದು ಮೊರದಷ್ಟು ಖಾಲಿ ಮಾಡಿದೆ. ಔಷಧಿ ಅಂದ ಮೇಲೆ ಧಾರಾಳವಾಗಿ ತಿನ್ನಬೇಕಲ್ಲ! ಆಮೇಲೆ ಊಟಕ್ಕೆ ಕುಂತು ಮೂರು ಮುದ್ದೆ ನುಂಗಿದೆ. ಹಾರ್ಮೋನುಗಳು ಎಲ್ಲಿ ಹಾಳಾಗಿ ಹೋಗಿದ್ದವೋ, ಒಂದೂ ಸಾಕು ಅನ್ನಲಿಲ್ಲ.

ನನ್ನ ಸೂಜಿಯ ಭಯ, ಮಗಳ ಪಾಠ ಎರಡನ್ನೂ ಅವ್ವನಿಗೆ ಒಪ್ಪಿಸಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಲೇ, ಹಂಗೆ ಮುಕ್ಕಿದ್ರೆ ಆಗುತ್ತೇನೋ? ಬೆಲ್ಲ ಬ್ಯಾಡ, ಮಂಡಕ್ಕಿ ಬ್ಯಾಡ. ಬರೀ ಈಸಲು, ಒಂದೇ ಹಿಡಿ. ಚೆನ್ನಾಗಿ ಅಗಿದು ತಿಂದು, ಒಂದು ಚೊಂಬು ನೀರು ಕುಡ್ದು, ದೀಪ ಹಚ್ಚೋ ತನಕ ಸುಮ್ನೆ ಕುಂತ್ಕಾಬೇಕು. ಆಮೇಲೆ ಮುದ್ದೆ ಮುಂದೆ ಕುಂತ್ಕ. ಒಂದಕ್ಕೇ ಎದ್ದೇಳ್ತೀಯ."

"ಇದು ಯಾವ ಡಾಕ್ಟರು ಹೇಳಿದ್ದು ನಿಂಗೆ?" ಅಂತ ರೇಗಿಸಿದೆ.

"ಡಾಕ್ಟರು ಎಲ್ಲಿದ್ದ? ನೀವು ನಾಕು ಹುಡುಗ್ರು. ಹಿಟ್ಟು ಇರ್ತಿದ್ದದ್ದು ನಾಕೇ ಮುದ್ದೆಗೆ. ಇನ್ನೊಂದು ಕೇಳಬಾರ್ದು ಅಂತ ಮುಂಚೆನೇ ಇದನ್ನ ಕೊಡ್ತಿದ್ದೆ."

ನನ್ನ ನಗು ಅಲ್ಲೇ ನಿಂತುಹೋಯಿತು. ನನಗೆ ನೆನಪಿದ್ದದ್ದೇ ಬೇರೆ. ಅಪ್ಪ ಕುರಿ ಹೊಡೆದುಕೊಂಡು ಮೇವಿಗೆ ದೂರ ಹೋಗಿರುತ್ತಿದ್ದ ಕಾಲ. ಅವ್ವ ನಾಲ್ವರನ್ನೂ ಸಾಲಾಗಿ ಕೂರಿಸಿ, ಅಂಗೈಗೆ ಬಿಸಿಬಿಸಿ ಈಸಲು ಹಾಕಿ, ದೀಪ ಹಚ್ಚುವ ತನಕ ಕತೆ ಹೇಳುತ್ತಿದ್ದಳು. ಅದು ಬರೀ ಪ್ರೀತಿಗೆ ಅಂತ ಐವತ್ತು ವರ್ಷ ನಂಬಿಕೊಂಡಿದ್ದೆ. ತಿರುಗಿ ಲೆಕ್ಕ ಹಾಕಿದೆ. ನಾಲ್ಕು ಮುದ್ದೆ, ನಾವು ನಾಲ್ಕು ಜನ.

"ಮತ್ತೆ ನೀನು ಏನು ಉಣ್ತಿದ್ದೆ ಅವ್ವ?"

"ನಂಗೂ ಒಂದು ಹಿಡಿ ಈಸಲು ಇರ್ತಿತ್ತಲ್ಲೋ," ಅಂದು ಅವಳು ಒಲೆಯ ಬೂದಿ ಎಳೆಯತೊಡಗಿದಳು.

ಒಂದು ಡಬ್ಬಿ ಈಸಲು ಕಟ್ಟಿಸಿಕೊಂಡು ಬಂದೆ. ಅವ್ವ ಹೇಳಿದ ಹಾಗೇ ತಿಂದೆ, ಮುದ್ದೆ ಒಂದಕ್ಕೆ ಇಳಿಯಿತು, ಮಿರ್ಚಿಯನ್ನೂ ಬಿಟ್ಟೆ. ವಾಯಿದೆ ಮುಗಿದಾಗ ಡಾಕ್ಟರು ತೂಕ ನೋಡಿ, ಸೂಜಿ ಸದ್ಯಕ್ಕೆ ಬೇಡ ಅಂದರು. ಈಸಲಿನ ಗುಣವೋ, ಮಿರ್ಚಿ ಬಿಟ್ಟ ಗುಣವೋ ಅಂತ ಕೇಳಿದರೆ ಮಗಳು ಇನ್ನೂ ಗಟ್ಟಿಯಾಗಿ ಹೇಳುತ್ತಿಲ್ಲ.

ಈಗ ಊರಿಗೆ ಹೋದಾಗ ಅವ್ವನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಅವಳು ಮುದ್ದೆ ಮುರಿಯುವ ತನಕ ನಾನು ನನ್ನದು ಮುಟ್ಟುವುದಿಲ್ಲ.

"ಉಣ್ಣಲೇ, ಆರೋಗ್ತೈತೆ," ಅಂತ ಬೈಯುತ್ತಾಳೆ.

"ಆರ್ಲಿ ಬಿಡವ್ವ," ಅಂತೀನಿ. "ಮೊದ್ಲು ನೀನು."