ಹದಿನಾರಕ್ಕೆ ಎರಡು ಸೇರಿಸಿದ್ದು

ನಾನು ಒಂದು ಕಾಲದಲ್ಲಿ ಶಿಕಾರಿಪುರದ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದೆ ಎಂಬುದು ನಮ್ಮ ಮನೆಯವರಿಗೆ ಹೆಮ್ಮೆಯ ಸಂಗತಿ. ಬಂದ ನೆಂಟರಿಗೆಲ್ಲ ಹೇಳುತ್ತಾರೆ. ಹೇಳುವಾಗ ನಾನು ಎದ್ದು ಒಳಗೆ ಹೋಗುತ್ತೇನೆ. ಅದನ್ನು ಅವರು ಸಂಕೋಚ ಅಂದುಕೊಂಡಿದ್ದಾರೆ. ಸಂಕೋಚವಲ್ಲ, ಹೇಸಿಗೆ. ಇಷ್ಟು ವರ್ಷವಾದರೂ ಅದು ಕರಗಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಓದಲು ಹೋಗಿ, ಪಾಠಕ್ಕಿಂತ ಹೆಚ್ಚಾಗಿ ಚೆಂಡಾಟ ಕಲಿತು, ಪರೀಕ್ಷೆಯಲ್ಲಿ ಫೇಲಾಗಿ ಊರಿಗೆ ಮರಳಿದ್ದೆ. ಹೈಸ್ಕೂಲಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಸ್ಕೂಲಿನ ಹಿಂದಿನ ಬಯಲನ್ನು ನಾವು ನಾಲ್ಕೈದು ಜನ ಸೇರಿ ಸಮ ಮಾಡಿ, ನೀರು ಹೊಡೆದು, ದಿಮ್ಮಿಸಿ ಅಂಕಣ ಮಾಡಿದೆವು. ಗಾಡಿ ಗಾಲಿಗೆ ಪಟ್ಟಿ ಹಾಕುವ ಕಮ್ಮಾರ ಎರಡು ಕಬ್ಬಿಣದ ಬಳೆ ಬಡಿದುಕೊಟ್ಟ. ಅವೇ ನಮ್ಮ ರಿಂಗು. ಊರಿನ ಜವಳಿ ವರ್ತಕರೊಬ್ಬರು ಚೆಂಡು ತರಿಸಿಕೊಟ್ಟು ಕ್ಲಬ್ಬಿನ ಅಧ್ಯಕ್ಷರಾದರು. ಆಟದ ನಿಯಮ ಒಂದೂ ಅವರಿಗೆ ಗೊತ್ತಿರಲಿಲ್ಲ. ಗೆದ್ದವರು ಯಾರು ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ನಾನು ಈಗ ಹೇಳಬೇಕಾದ ಹುಡುಗ ನಮ್ಮ ಸ್ಕೂಲಿನ ಕೊನೆಯ ತರಗತಿಯಲ್ಲಿದ್ದ. ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಮಗ. ಹದಿನಾರು ವರ್ಷಕ್ಕೇ ನನಗಿಂತ ಒಂದು ಗೇಣು ಎತ್ತರ. ಒಂದು ಸಂಜೆ ಅಂಕಣದಾಚೆ ಬಿದ್ದ ಚೆಂಡನ್ನು ಎತ್ತಿಕೊಟ್ಟ. ಕೊಟ್ಟ ಅಂದರೆ ನಿಂತಲ್ಲಿಂದಲೇ ಎಸೆದ. ಅದು ನೇರವಾಗಿ ಬಳೆಯೊಳಗೆ ಬಿತ್ತು. ಆಕಸ್ಮಿಕ ಇರಬೇಕೆಂದು ಮತ್ತೆ ಎಸೆಯಲು ಹೇಳಿದೆ. ಮತ್ತೆ ಬಿತ್ತು. ಆರು ತಿಂಗಳಲ್ಲಿ ಅವನು ನಮ್ಮೆಲ್ಲರನ್ನೂ ಮೀರಿಸಿದ. ಬರಿಗಾಲಲ್ಲಿ ಆಡುತ್ತಿದ್ದ. ನೆಗೆದರೆ ಗಾಳಿಯಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುತ್ತಾನೇನೋ ಅನ್ನಿಸುತ್ತಿತ್ತು. ಉಡುತಡಿಯಿಂದ, ಈಸೂರಿನಿಂದ ಜನ ಅವನ ಆಟ ನೋಡಲೆಂದೇ ಬರತೊಡಗಿದರು. ಅಧ್ಯಕ್ಷರು ತಮ್ಮ ಅಂಗಡಿಗೆ ಬಂದವರಿಗೆಲ್ಲ "ನಮ್ ಹುಡುಗ" ಎನ್ನುತ್ತಿದ್ದರು.

ಆಗ ಸೊರಬದಲ್ಲಿ ಪ್ರತಿ ವರ್ಷ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಅಲ್ಲಿನ ಅಕ್ಕಿ ಗಿರಣಿಯ ಯಜಮಾನರೊಬ್ಬರು ಅದನ್ನು ನಡೆಸುತ್ತಿದ್ದರು. ಹಿಂದಿನ ವರ್ಷ ದೊಡ್ಡವರ ನಡುವೆ ಆಡಲು ಇಳಿದ ಹೈಸ್ಕೂಲು ಹುಡುಗನೊಬ್ಬ ಕಂಬಕ್ಕೆ ಬಡಿದು ಹಲ್ಲು ಮುರಿದುಕೊಂಡಿದ್ದ. ಯಜಮಾನರ ಮನಸ್ಸಿಗೆ ಅದು ಬಹಳ ತಟ್ಟಿತ್ತು. ಆ ವರ್ಷದಿಂದ ಹದಿನೆಂಟು ತುಂಬದವರು ಆಡುವಂತಿಲ್ಲ, ವಯಸ್ಸಿನ ಬಗ್ಗೆ ಸಂಶಯ ಬಂದರೆ ಸ್ಕೂಲಿನ ಸರ್ಟಿಫಿಕೇಟ್ ತೋರಿಸಬೇಕು ಎಂದು ನಿಯಮ ಮಾಡಿದರು. ಈಗ ಯೋಚಿಸಿದರೆ ಅಷ್ಟು ಮಾನವೀಯ ನಿಯಮ ಇನ್ನೊಂದಿಲ್ಲ. ನಮ್ಮೂರಿನಲ್ಲಿ ಮಾತ್ರ ಅದು ನಮ್ಮ ಹುಡುಗನಿಗೆ ಹೆದರಿ ಮಾಡಿದ ನಿಯಮ ಎಂದು ನಕ್ಕರು. ನಾನೂ ನಕ್ಕೆ.

ಅಧ್ಯಕ್ಷರು ನನ್ನನ್ನು ಅಂಗಡಿಗೆ ಕರೆಸಿ ಚಹಾ ತರಿಸಿದರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

"ರಿಜಿಸ್ಟರು ನಿಮ್ ಕೈಯಾಗೇ ಐತಲ್ರೀ ಗುಮಾಸ್ತರೇ. ಊರಿನ ಮಾನದ ಪ್ರಶ್ನೆ ಇದು. ಎರಡು ವರ್ಷ ಏನ್ ಮಹಾ?"

ರಿಜಿಸ್ಟರ್ ತಿದ್ದುವ ಧೈರ್ಯ ನನಗಿರಲಿಲ್ಲ. ಅದನ್ನು ಹಾಗೇ ಬಿಟ್ಟು ಸರ್ಟಿಫಿಕೇಟಿನಲ್ಲಿ ಮಾತ್ರ ಹುಟ್ಟಿದ ವರ್ಷವನ್ನು ಎರಡು ಹಿಂದಕ್ಕೆ ಬರೆದೆ. ನಾಲ್ಕಾರು ಕಾಗದಗಳ ನಡುವೆ ಸೇರಿಸಿ ಹೆಡ್‌ಮಾಸ್ಟರ ಮುಂದಿಟ್ಟೆ. ನನ್ನನ್ನು ನಂಬಿದ್ದ ಅವರು ಓದದೆ ಸಹಿ ಹಾಕಿದರು. ಮೊಹರು ನಾನೇ ಒತ್ತಿದೆ. ಅಳುಕೇ ಆಗಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಊರಿಗಾಗಿ ಏನೋ ದೊಡ್ಡದು ಮಾಡಿದ ಹಾಗೆ ಅನ್ನಿಸಿತ್ತು.

ಮಾರನೇ ದಿನ, ಮಗನಿಂದ ವಿಷಯ ತಿಳಿದು, ಹುಡುಗನ ತಂದೆ ಸ್ಕೂಲಿಗೆ ಬಂದರು. ವರ್ಷಾನುಗಟ್ಟಲೆ ಕಲಾಯಿಗೆ ಬಳಸುವ ನವಸಾಗರದ ಹೊಗೆಯ ಮುಂದೆ ಕೂತು ಅವರ ಕಣ್ಣು ಸದಾ ಕೆಂಪಗಿರುತ್ತಿತ್ತು. ಒಳಗೆ ಬರದೆ ಬಾಗಿಲಲ್ಲೇ ನಿಂತು ಕೇಳಿದರು.

"ಸ್ವಾಮಿ, ಅವ್ನು ಹುಟ್ಟಿದ್ದು ನಂಗೆ ಗೊತ್ತಿಲ್ವಾ? ಹದಿನಾರೇ ಆಗಿರೋದು. ಎರಡು ಜಾಸ್ತಿ ಯಾಕೆ ಬರೆದ್ರಿ?"

"ಅದು ಬರೀ ಕಾಗದ ಸಾಬ್ರೆ. ಆಟ ಮುಗಿದ ಮೇಲೆ ಯಾರೂ ನೋಡಲ್ಲ" ಎಂದೆ.

ಅವರು ತಲೆ ಅಲ್ಲಾಡಿಸಿ ಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ನಾನು ಹೋಗಲಿಲ್ಲ.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಸರ್ಟಿಫಿಕೇಟನ್ನು ನೋಡಿದ ಗಿರಣಿ ಯಜಮಾನರು ಹುಡುಗನ ಮುಖವನ್ನೂ ನೋಡಿದರು. ಮೀಸೆ ಇನ್ನೂ ಮೂಡಿರಲಿಲ್ಲ. ಆದರೆ ಮೊಹರಿದ್ದ ಕಾಗದವನ್ನು ಅಲ್ಲಗಳೆಯುವುದು ಹೇಗೆ? ಆಡಲು ಬಿಟ್ಟರು. ಎರಡು ದಿನದಲ್ಲಿ ನಾಲ್ಕು ತಂಡಗಳನ್ನು ಸೋಲಿಸಿದೆವು. ಸೋಲಿಸಿದ್ದು ಅವನು, ನಾವು ಚೆಂಡನ್ನು ಅವನ ಕೈಗೆ ಮುಟ್ಟಿಸುತ್ತಿದ್ದೆವು, ಅಷ್ಟೆ. ಊರಿಗೆ ಮರಳಿದಾಗ ಬಸ್ ನಿಲ್ದಾಣದಿಂದ ಪೇಟೆಯವರೆಗೆ ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಹೊತ್ತವರಲ್ಲಿ ಅಧ್ಯಕ್ಷರ ಅಣ್ಣತಮ್ಮಂದಿರೂ ಇದ್ದರು.

ಆಟ ಮುಗಿದ ಮೇಲೆ ಕಾಗದವನ್ನು ಯಾರೂ ನೋಡುವುದಿಲ್ಲ ಎಂದಿದ್ದೆನಲ್ಲ, ಅದು ಸುಳ್ಳಾಯಿತು. ಪಂದ್ಯ ನೋಡಲು ದಾವಣಗೆರೆಯ ಒಂದು ಬಟ್ಟೆ ಗಿರಣಿಯ ಮನುಷ್ಯ ಬಂದಿದ್ದ. ಆ ಗಿರಣಿಗೆ ತನ್ನದೇ ತಂಡವಿತ್ತು. ಆಟಗಾರರನ್ನು ಕೂಲಿಯವರೆಂದು ಹಾಜರಿ ಪುಸ್ತಕದಲ್ಲಿ ಬರೆದುಕೊಂಡು, ಬೆಳಿಗ್ಗೆ ಒಂದಿಷ್ಟು ಹೊತ್ತು ನೂಲಿನ ಹೊರೆ ಎತ್ತಿಸಿ, ಉಳಿದ ಹೊತ್ತು ಆಡಿಸುತ್ತಿದ್ದರು. ಅಂಥ ಕೆಲಸಕ್ಕೂ ಹದಿನೆಂಟು ತುಂಬಿರಬೇಕಿತ್ತು. ನಾನು ಬರೆದ ಸರ್ಟಿಫಿಕೇಟು ಅವನ ಕೈಗೂ ಸಿಕ್ಕಿತು. ಮುಂದಿನ ವಾರ ಆ ಮನುಷ್ಯ ಹುಡುಗನನ್ನು ಕೆಲಸಕ್ಕೆ ಕೇಳಲು ಕಲಾಯಿ ಅಂಗಡಿಯ ಮುಂದೆ ಕೂತಿದ್ದ.

ಕೊನೆಯ ಪರೀಕ್ಷೆಗೆ ಮೂರೋ ನಾಲ್ಕೋ ತಿಂಗಳಿತ್ತು. ಹುಡುಗ ನನ್ನನ್ನು ಹುಡುಕಿಕೊಂಡು ಅಂಕಣಕ್ಕೆ ಬಂದು, ಹೋಗಲೋ ಬೇಡವೋ ಎಂದು ಕೇಳಿದ. ಪರೀಕ್ಷೆ ಮುಗಿಸು ಅಂತ ಹೇಳಬೇಕಿತ್ತು. ನನಗೆ ಆ ಮಾತು ಹೊಳೆಯಲೇ ಇಲ್ಲ. ಊರು ನಿನ್ನನ್ನು ಬೆಳೆಸಿದೆ, ಊರಿನ ತಂಡ ಬಿಟ್ಟು ಹೋಗುವುದು ದ್ರೋಹ, ಹೆಗಲ ಮೇಲೆ ಹೊತ್ತವರಿಗೆ ಏನು ಹೇಳುತ್ತೀ ಎಂದೆಲ್ಲ ಬಡಬಡಿಸಿದೆ. ಅವನು ಎಲ್ಲ ಕೇಳಿ ಕೊನೆಗೆ ಹೇಳಿದ.

"ಊರಿಗೋಸ್ಕರ ಹದಿನೆಂಟು ಆದೆ ಸಾರ್. ಮನೆಗೋಸ್ಕರ ಆಗಬಾರ್ದಾ? ಅಪ್ಪಂಗೆ ಕಣ್ಣು ಕಾಣಿಸ್ತಾ ಇಲ್ಲ."

ಎರಡು ದಿನಕ್ಕೆ ಅವನು ದಾವಣಗೆರೆಯ ಬಸ್ಸು ಹತ್ತಿದ.

ಅವನು ಹೋದ ಮೇಲೆ ನಮ್ಮೂರು ತೋರಿಸಿದ ಮುಖವೇ ಬೇರೆ. "ನಮ್ ಹುಡುಗ" ಎನ್ನುತ್ತಿದ್ದವರು ಅವನ ಜಾತಿ ಎತ್ತಿ ಆಡಿದರು. ಕೆಲವರು ಪಾತ್ರೆಗಳನ್ನು ಕಲಾಯಿಗೆ ಅವನ ತಂದೆಯ ಹತ್ತಿರ ಕೊಡುವುದನ್ನೇ ಬಿಟ್ಟರು. ತಂದೆ ಎಲ್ಲಿಯೂ ದೂರಲಿಲ್ಲ. ಪೇಟೆಯಲ್ಲಿ ಎದುರಾದರೆ ನನಗೆ ಮೊದಲಿನಂತೆ ಸಲಾಮು ಮಾಡುತ್ತಿದ್ದರು. ನಾನು ಆಚೆ ಪಕ್ಕ ದಾಟಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಸೊರಬದ ಪಂದ್ಯಕ್ಕೆ ದಾವಣಗೆರೆಯ ಆ ಗಿರಣಿಯ ತಂಡವೂ ಬಂತು. ಸೆಮಿಫೈನಲ್‌ನಲ್ಲಿ ನಮಗೂ ಅವರಿಗೂ ಪಂದ್ಯ ಬಿತ್ತು. ಹುಡುಗ ಬಣ್ಣದ ಬನೀನು, ಬಿಳಿ ಕ್ಯಾನ್‌ವಾಸ್ ಬೂಟು ಹಾಕಿದ್ದ. ಮೈ ಸ್ವಲ್ಪ ಸೊರಗಿತ್ತು. ನನ್ನನ್ನು ಕಂಡೊಡನೆ ಓಡಿಬಂದು ಕೈ ಹಿಡಿದು, ಅಪ್ಪ ಹೇಗಿದ್ದಾರೆ, ನೀವು ನೋಡಿಕೊಳ್ಳುತ್ತಾ ಇರುತ್ತೀರಲ್ಲ ಎಂದ. ಹೌದು ಎಂದೆ.

ಪಂದ್ಯ ಶುರುವಾಗುವ ಮುಂಚೆ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ಅವನು ಕೊನೆಯವರೆಗೂ ಅಂಕಣದಲ್ಲಿ ಇರಬಾರದು ಎಂದರು. ಹೇಗೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೇಗೆ ಎಂಬುದು ಆಡಿದವರಿಗೆಲ್ಲ ಗೊತ್ತು. ನೆಗೆದವನು ಇಳಿಯುವ ಜಾಗದಲ್ಲಿ ನಿಮ್ಮ ಕಾಲಿಟ್ಟರೆ ಸಾಕು. ನೋಡುವವರಿಗೆ ಕಾಲು ತೊಡರಿದ ಹಾಗೆ ಕಾಣುತ್ತದೆ, ಅಂಪೈರಿಗೂ ಹಾಗೇ ಕಾಣುತ್ತದೆ.

ವಿರಾಮದ ಹೊತ್ತಿಗೆ ನಾವು ಬಹಳ ಹಿಂದಿದ್ದೆವು. ನಮ್ಮೂರಿನ ಜನ ಅಂಕಣದ ಪಕ್ಕ ನಿಂತು ಅವನನ್ನು ಬೈಯುತ್ತಿದ್ದರು. ಎರಡನೇ ಅರ್ಧದಲ್ಲಿ ಅವನು ಬಳೆಯ ಕೆಳಗೆ ನೆಗೆದ. ಪಕ್ಕದಲ್ಲಿ ನಾನಿದ್ದೆ. ಯೋಚಿಸಲು ಸಮಯ ಇರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಮಯ ಇತ್ತು. ಅವನು ಗಾಳಿಯಲ್ಲಿದ್ದಷ್ಟು ಹೊತ್ತೂ ಇತ್ತು. ನಾನು ಬಲಗಾಲನ್ನು ಮುಂದಿಟ್ಟೆ.

ಒಣ ಸೌದೆ ಮುರಿದಂಥ ಸದ್ದಾಯಿತು. ಸೊರಬದ ಜನ ಅಯ್ಯೋ ಎಂದರು. ನಮ್ಮ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರಲ್ಲ, ನಾಲ್ಕೈದು ಜನ. ಆ ಚಪ್ಪಾಳೆ ನನಗೆ ಎಂಬುದು ಅರ್ಥವಾದಾಗ ನಾನು ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಬಿಸಿಲಿಗೆ ಹಾಗಾಗಿದೆ ಎಂದು ಒಬ್ಬರು ನೀರು ತಂದುಕೊಟ್ಟರು. ಬಾಯಿ ಮುಕ್ಕಳಿಸಿ, ಮತ್ತೆ ಅಂಕಣಕ್ಕಿಳಿದು, ಪಂದ್ಯವನ್ನು ಪೂರ್ತಿ ಆಡಿದೆ. ಗೆದ್ದೆವು ಕೂಡ.

ದಾವಣಗೆರೆಯ ಗಿರಣಿಯವರು ಅದೇ ಸಂಜೆ ತಮ್ಮ ವ್ಯಾನಿನಲ್ಲಿ ಹೊರಟುಹೋದರು. ಹುಡುಗನನ್ನು ಬಿಟ್ಟು ಹೋದರು. ಅವನನ್ನು ತಮ್ಮ ಮನೆಗೆ ಎತ್ತಿಸಿಕೊಂಡು ಹೋದವರು ಸೊರಬದ ಆ ಅಕ್ಕಿ ಗಿರಣಿಯ ಯಜಮಾನರು. ಮೂಳೆ ಕಟ್ಟುವವರನ್ನು ಕರೆಸಿ, ತಂದೆಗೆ ಹೇಳಿಕಳಿಸಿ, ಎರಡು ತಿಂಗಳು ಇಟ್ಟುಕೊಂಡರು. ಹಿಮ್ಮಡಿಯ ಮೇಲಿನ ಮೂಳೆ ಸರಿಯಾಗಿ ಕೂಡಲಿಲ್ಲ.

ಇನ್ನೂ ಒಂದು ಬಾಕಿ ಇದೆ. ಕೆಲವು ವಾರಗಳ ನಂತರ ದಾವಣಗೆರೆಯ ಗಿರಣಿಯಿಂದ ಹೆಡ್‌ಮಾಸ್ಟರಿಗೆ ಕಾಗದ ಬಂತು. ಈ ಹುಡುಗನಿಗೆ ಕೆಲಸಕ್ಕೆ ಸೇರುವಾಗ ವಯಸ್ಸು ತುಂಬಿರಲಿಲ್ಲವೆಂದು ತಿಳಿದುಬಂದಿದೆ, ನಿಜವಾದ ವಯಸ್ಸು ಎಷ್ಟು ಎಂದು ಕೇಳಿದ್ದರು. ಗಾಯವಾದವನನ್ನು ಸಾಕುವ ಹೊಣೆ ತಪ್ಪಿಸಿಕೊಳ್ಳಲು ಅವರಿಗೆ ಒಂದು ದಾರಿ ಬೇಕಿತ್ತು. ಅದನ್ನು ತೋರಿಸಿಕೊಟ್ಟವರು ನಮ್ಮ ಅಧ್ಯಕ್ಷರೇ. ತಾವೇ ಗಿರಣಿಗೆ ಬರೆದುದಾಗಿ ಅಂಗಡಿಯಲ್ಲಿ ಕೂತು ನಗುತ್ತ ನನಗೆ ಹೇಳಿದರು. ಊರು ಬಿಟ್ಟವನಿಗೆ ಹಾಗೇ ಆಗಬೇಕು ಎಂದರು.

ಹೆಡ್‌ಮಾಸ್ಟರು ರಿಜಿಸ್ಟರನ್ನೂ ಸರ್ಟಿಫಿಕೇಟಿನ ಪ್ರತಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನನ್ನನ್ನು ಕರೆದರು.

"ಇವೆರಡರಲ್ಲಿ ಯಾವುದು ನಿಜ ಕಣಯ್ಯಾ?"

"ರಿಜಿಸ್ಟರು ಸಾರ್."

"ಹಾಗಾದರೆ ಇದು?"

"ಕೈತಪ್ಪು ಸಾರ್."

ಅವರು ಸರ್ಟಿಫಿಕೇಟಿನ ಪ್ರತಿಯನ್ನು ಮಡಿಸಿಟ್ಟರು. ಸಹಿ ಅವರದೂ ಇತ್ತು. ಹೆಚ್ಚು ಕೆದಕಿದರೆ ಅವರಿಗೂ ತೊಂದರೆ. ಉತ್ತರ ಬರೆದು ತಾ ಎಂದರು. ನಾನು ಸುಳ್ಳು ಬರೆದಿದ್ದರೆ ಹುಡುಗನ ಕೆಲಸ ಬಹುಶಃ ಉಳಿಯುತ್ತಿತ್ತು. ನನಗೆ ನನ್ನ ಕೆಲಸದ ಚಿಂತೆಯಿತ್ತು. ರಿಜಿಸ್ಟರಿನಲ್ಲಿದ್ದ ತಾರೀಖನ್ನು ಒಂದಕ್ಷರ ತಪ್ಪದೆ ಬರೆದು ಮೊಹರು ಒತ್ತಿದೆ. ಊರಿಗೆ ಗೆಲುವು ಬೇಕಾದಾಗ ಸುಳ್ಳು ಬರೆದ ಕೈ, ತನ್ನ ಚರ್ಮ ಉಳಿಸಿಕೊಳ್ಳಬೇಕಾದಾಗ ನಿಜ ಬರೆಯಿತು. ಗಿರಣಿಯವರು ಅವನ ಹೆಸರು ಹೊಡೆದುಹಾಕಿದರು.

ಆ ವರ್ಷವೇ ನಾನು ಆಟ ಬಿಟ್ಟೆ. ಕ್ಲಬ್ಬಿನವರು ಬೀಳ್ಕೊಡುಗೆಗೆ ಹಾರ ಹಾಕಿದರು.

ಹುಡುಗ ಶಿಕಾರಿಪುರಕ್ಕೆ ಮರಳಲಿಲ್ಲ. ಸೊರಬದ ಯಜಮಾನರು ಬಸ್ ನಿಲ್ದಾಣದ ಹತ್ತಿರ ಅವನಿಗೊಂದು ಸೈಕಲ್ ಅಂಗಡಿ ಹಾಕಿಸಿಕೊಟ್ಟರು. ತಂದೆಯನ್ನೂ ಅಲ್ಲಿಗೇ ಕರೆಸಿಕೊಂಡ. ಸಂಜೆ ಹೊತ್ತು ಅಲ್ಲಿನ ಹುಡುಗರಿಗೆ ಆಟ ಕಲಿಸುತ್ತಾನೆ ಎಂದು ಕೇಳಿದ್ದೆ. ಒಂದು ವರ್ಷ ಕಳೆದ ಮೇಲೆ ಸ್ಕೂಲಿನ ಕೆಲಸದ ನೆಪ ಮಾಡಿಕೊಂಡು ಸೊರಬಕ್ಕೆ ಹೋದೆ. ಅವನು ನೆಲದ ಮೇಲೆ ಕೂತು ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಒಂದು ಕಾಲನ್ನು ನೇರ ಚಾಚಿಕೊಂಡಿದ್ದ. "ಬನ್ನಿ ಸಾರ್" ಎಂದು ಸ್ಟೂಲು ತೋರಿಸಿದ. ನಾನು ಕೂರಲಿಲ್ಲ. ಬಸ್ಸಿನಲ್ಲಿ ಬರುವಾಗ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಅವತ್ತು ನಾನೇ ಕಾಲಿಟ್ಟೆ" ಎಂದೆ.

"ಗೊತ್ತು ಸಾರ್. ಮೇಲಿಂದ ಕಾಣಿಸ್ತು."

ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತ ಉತ್ತರಿಸಿದ.

"ನೀವೇ ಬಂದು ಹೇಳ್ತೀರಿ ಅಂತಿದ್ದೆ. ಕಾಲು ಕಟ್ಟಿಸ್ಕೊಂಡು ಮಲಗಿದ್ನಲ್ಲ, ಆವಾಗ ದಿನಾ ಬಾಗಿಲು ನೋಡ್ತಿದ್ದೆ. ಆಮೇಲೆ ನೋಡೋದು ಬಿಟ್ಟೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಕ್ಷಮೆ ಕೇಳುವುದೂ ಅವನಿಂದ ಇನ್ನೊಂದನ್ನು ಕಿತ್ತುಕೊಂಡ ಹಾಗೆ ಎನಿಸಿ ನುಂಗಿಕೊಂಡೆ. ಅಷ್ಟರಲ್ಲಿ ರೈತರೊಬ್ಬರು ಸೈಕಲ್ ತಳ್ಳಿಕೊಂಡು ಬಂದು ಬ್ರೇಕು ಹಿಡಿಯುತ್ತಿಲ್ಲ ಎಂದರು. ಅವನು ಗೋಡೆ ಹಿಡಿದು ಎದ್ದು, ಅವರ ಹತ್ತಿರ ಹೋದ. ಶಿರಾಳಕೊಪ್ಪದ ಬಸ್ಸು ಹೊರಡುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಆ ಅರ್ಧ ಗಂಟೆಯೂ ನಾನು ನಿಲ್ದಾಣದಲ್ಲಿ ಅವನ ಅಂಗಡಿಗೆ ಬೆನ್ನು ಹಾಕಿಕೊಂಡು ನಿಂತಿದ್ದೆ.