ಎಡತೋಳಿನ ಬಣ್ಣ

ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ. ಮಹಡಿಯಿಂದ ಓನರ್ ಆಂಟಿ ಕೂಗಿದರು. “ಗೌರಮ್ಮಾ, ನಿಮಗೆ ಫೋನು. ಯಾವುದೋ ಗಾರ್ಮೆಂಟ್ಸ್ ಅಂತೆ. ಸೀಕ್ರಂ, ಬೇಗ ಬಾಮ್ಮಾ.”

ಎದ್ದೆ. ಮೆಟ್ಟಿಲು ಹತ್ತಲು ಮಾತ್ರ ಕಾಲೇ ಬರಲಿಲ್ಲ. ಯಾಕೆಂದು ಹೇಳಬೇಕಾದರೆ ಹೋದ ಗುರುವಾರದ ಕಥೆ ಹೇಳಬೇಕು.

ಯಜಮಾನರು ದುಡಿಯುತ್ತಿದ್ದ ಲೇತ್ ಶಾಪ್ ಮುಚ್ಚಿ ಮೂರು ತಿಂಗಳಾಯಿತು. (ಇಷ್ಟು ದಿನ ಊಟ ತಪ್ಪಿಲ್ಲ, ಮನೆದೇವರು ಶರಣಬಸಪ್ಪನ ದಯೆ.) ಅವರಿಗೆ ಬೇರೆ ಕಡೆ ಸಿಗುವ ತನಕ ಒಲೆ ಉರಿಯಬೇಕಾದರೆ ನನಗೊಂದು ಕೆಲಸ ಬೇಕಿತ್ತು.

ನಮ್ಮ ಹಲಸೂರಿನ ವಠಾರದಲ್ಲೇ ಇರುವ ಶಮೀಮ್, ಕೆ.ಆರ್. ಪುರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅಲ್ಲಿ ಚೆಕ್ಕರ್ ಬೇಕಂತೆ ಎಂದು ಫಾರಂ ತಂದುಕೊಟ್ಟಳು. ಹೊಲಿದ ಅಂಗಿಯಲ್ಲಿ ತಪ್ಪು ಹುಡುಕುವ ಕೆಲಸ. ಫಾರಂ ತುಂಬಿ ದೇವರ ಪಟದ ಹಿಂದೆ ಇಟ್ಟೆ. ಎಂಟು ದಿನ ಅಲ್ಲೇ ಇತ್ತು. ವಯಸ್ಸು ಮೂವತ್ತೆಂಟು, ಓದು ಎಸ್ಸೆಸ್ಸೆಲ್ಸಿ, ಒಂದು ದಿನವೂ ಹೊರಗೆ ದುಡಿದಿಲ್ಲ. ಯಾರು ತಗೊಳ್ಳುತ್ತಾರೆ?

“ದೇವ್ರು ಓದ್ತಾನೆ ಅಕ್ಕ, ಇಲ್ಲ ಅನ್ನಲ್ಲ,” ಅಂದಳು ಶಮೀಮ್. “ಆದ್ರೆ ಗೇಟಲ್ಲಿ ಕೊಡೋಕೆ ನೀವೇ ಹೋಗ್ಬೇಕು.”

ಯಜಮಾನರದು ಇನ್ನೂ ಸರಳ. “ಬ್ಯಾಡ ಅಂದ್ರ ಬ್ಯಾಡ ಅಂತಾರ. ಹೊಡ್ಯಾಂಗಿಲ್ಲಲ್ಲ. ಹೋಗಿ ಬಾ.” (ಸೇಡಂ ಬಿಟ್ಟು ಹದಿನೈದು ವರ್ಷವಾದರೂ ಅವರ ಮಾತು ಅಲ್ಲೇ ಇದೆ.)

ಹೋದೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅದಕ್ಕೂ ಕೈ ಮುಗಿಯುವವಳು ನಾನು.

ಹೆಸರು, ವಿಳಾಸ ಎಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಸೂಪರ್‌ವೈಸರ್ ಮೇಡಂ ಒಂದನ್ನೂ ಕೇಳಲಿಲ್ಲ. ಮೇಜಿನ ಮೇಲೆ ಹನ್ನೆರಡು ನೀಲಿ ಅಂಗಿ ಹರಡಿ, ಬಾಣದ ಗುರುತಿನ ಸ್ಟಿಕ್ಕರ್ ಹಾಳೆ ಕೈಗಿಟ್ಟರು. “ತಪ್ಪಿರೋ ಜಾಗಕ್ಕೆ ಅಂಟಿಸಿ. ಹತ್ತು ನಿಮಿಷ.” ಪಕ್ಕದ ಹ್ಯಾಂಗರಿನಲ್ಲಿ ಇನ್ನೊಂದು ಅಂಗಿ ತೂಗುತ್ತಿತ್ತು, ‘ಓಕೆ’ ಚೀಟಿಯ ಸಮೇತ. “ಇದು ಪಾಸ್ ಆಗಿರೋ ಪೀಸು. ಇದನ್ನ ನೋಡ್ಕೊಂಡು ಚೆಕ್ ಮಾಡಿ.”

ಬಿಟ್ಟ ಹೊಲಿಗೆ, ಸೊಟ್ಟ ಕಾಲರು, ಕಾಜವಿಲ್ಲದ ಗುಂಡಿ. ನಾಲ್ಕು ಅಂಗಿಗೆ ಬಾಣ ಅಂಟಿಸಿದೆ. ಕೊನೆಗೆ ಕಣ್ಣು ಹ್ಯಾಂಗರಿನ ಮೇಲೆ ನಿಂತಿತು. ಪಾಸ್ ಆಗಿದ್ದ ಅಂಗಿಯ ಎಡತೋಳು ಉಳಿದ ಬಟ್ಟೆಗಿಂತ ಒಂಚೂರು ಗಾಢ.

ಆಗ ನಾನು ಏನೆಂದುಕೊಂಡೆ ಗೊತ್ತೇ? ನನ್ನ ಕಣ್ಣೇ ಸರಿಯಿಲ್ಲ. ಅಥವಾ ಅದೇ ಫ್ಯಾಶನ್ ಇರಬೇಕು, ಒಂದೇ ಬಣ್ಣದ ತೋಳಿರುವ ಈ ಹನ್ನೆರಡೇ ಡ್ಯಾಮೇಜು. (ನಗಬೇಡಿ. ಇನ್ನೊಂದು ನಿಮಿಷ ಸಿಕ್ಕಿದ್ದರೆ ಎಲ್ಲಕ್ಕೂ ಬಾಣ ಅಂಟಿಸಿಬಿಡುತ್ತಿದ್ದೆ.) ಬಾಯಿ ಬಿಡಲಿಲ್ಲ. “ಹೇಳಿ ಕಳಿಸ್ತೀವಿ” ಅಂದರು. ಬಂದೆ.

ಸ್ಟಾಪಿನಲ್ಲಿ ನಿಂತೆ. ರಸೆಲ್ ಮಾರುಕಟ್ಟೆಯಲ್ಲಿ ಹುಳುಕು ಬದನೆಕಾಯಿ ಎತ್ತಿ ತೋರಿಸಿ ಜಗಳ ಆಡುವ ಬಾಯಿ ಇದು. ಒಂದು ಚೀಟಿ ಕಂಡೊಡನೆ ಯಾಕೆ ಮುಚ್ಚಿತು? ಕಂಡ ತಪ್ಪನ್ನು ಹೇಳಲಾರದವಳು ಕೇಳುತ್ತಿರುವುದು ತಪ್ಪು ಹುಡುಕುವ ಕೆಲಸವನ್ನು!

ಬಸ್ಸು ಬಂತು. ಹತ್ತಲಿಲ್ಲ. ಶರಣಬಸಪ್ಪಾ, ಬಾಯಿ ಕೊಡು ಎಂದುಕೊಂಡು ಹಿಂದಕ್ಕೆ ನಡೆದೆ.

“ಮುಗೀತಲ್ಲಮ್ಮ, ಮನೆಗೆ ಹೋಗಿ,” ಅಂದ ಗೇಟಿನವನು.

“ಒಂದು ಮಾತು ಹೇಳೋದು ಉಳ್ಕೊಂಡಿದೆ ಅಣ್ಣ.”

ಮೇಡಂ ಊಟದ ಡಬ್ಬಿ ಬಿಚ್ಚುತ್ತಿದ್ದರು. “ಏನ್ರೀ, ಏನಾದ್ರೂ ಬಿಟ್ಟು ಹೋದ್ರಾ?”

“ಆ ಪಾಸ್ ಆಗಿರೋ ಅಂಗಿ ಮೇಡಂ. ಎಡತೋಳಿನ ಬಣ್ಣ ಬೇರೆ ಇದೆ.”

“ಅದನ್ನ ಪಾಸ್ ಮಾಡಿದ್ದು ನಾನು.”

ಆದರೂ ಹೇಳಿದೆ. “ಇರ್ಬಹುದು ಮೇಡಂ. ಒಂದ್ಸಲ ಕಿಟಕಿ ಹತ್ರ ಹಿಡಿದು ನೋಡಿ. ಟ್ಯೂಬ್‌ಲೈಟಲ್ಲಿ ಗೊತ್ತಾಗಲ್ಲ.”

ಕಿಟಕಿಗೆ ಹಿಡಿದರು. ತಿರುಗಿಸಿ ನೋಡಿದರು. ಮುಖ ಬಿಗಿಯಿತು. “ಸರಿ, ನೀವು ಹೊರಡಿ.” ಅಷ್ಟೇ.

ಕೆಲಸ ಹೋಯಿತು ಅಂದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ನಿಂತೇ ಬಂದೆ. ಆದರೂ ಎಂಟು ದಿನದಿಂದ ಎದೆಯ ಮೇಲಿದ್ದ ಭಾರ ಇರಲಿಲ್ಲ. ಹೇಳಬೇಕಾದ್ದನ್ನು ಹೇಳಿದ್ದೆ. ಅದೂ ಒಂದು ದಯೆಯೇ.

ಮತ್ತೆ ಫೋನಿಗೆ ಹೆದರಿದ್ದೇಕೆ? ಬೇಡ ಅಂತ ಹೇಳಲೂ ಫೋನು ಮಾಡುತ್ತಾರಲ್ಲ. ಹೇಗೋ ಮೆಟ್ಟಿಲು ಹತ್ತಿ ರಿಸೀವರ್ ಎತ್ತಿದೆ.

“ಗೌರಮ್ಮ ಅವ್ರಾ?” ಅದೇ ಮೇಡಂ. “ಆ ಅಂಗಿ ಇದ್ದ ಕಟ್ಟಲ್ಲಿ ಅದೇ ಥರದ್ದು ಇನ್ನೂ ಹನ್ನೊಂದು ಪೀಸ್ ಸಿಕ್ತು. ಸೋಮವಾರ ಎಂಟೂವರೆಗೆ ಬಂದ್ಬಿಡಿ.” ಫೋನು ಇಡುವ ಮುನ್ನ ಅಂದರು, “ನಾನು ಕನ್ನಡಕ ಬದಲಾಯಿಸ್ಬೇಕು ಅಂತ ಕಾಣುತ್ತೆ.”

ರಿಸೀವರ್ ಇಟ್ಟೆ. “ಕೆಲಸ ಸಿಕ್ತಾ? ಸ್ವೀಟ್ ಎಲ್ಲಿ?” ಅಂತ ಆಂಟಿ ಅಡ್ಡ ನಿಂತರು. ಅಷ್ಟರಲ್ಲಿ ಕೆಳಗೆ ನಲ್ಲಿ ಸದ್ದು ಮಾಡಿತು. ಬಿಂದಿಗೆ ಹಿಡಿಯಲು ಓಡಿದೆ. ಕೆಲಸ ಸಿಕ್ಕಿತೆಂದು ಕಾವೇರಿ ನೀರು ಕಾಯುತ್ತದೆಯೇ?