ಭಾನುವಾರ ಬರೆದ ಗುರುವಾರದ ಸಾಲು

ಬೆಳಕು ಹರಿಯುವ ಮೊದಲೇ ಟೈಲರಮ್ಮ ಹಾಲು ಕಾಯಿಸಿದ್ದಳು, ಅತ್ತೆಯ ಮಾತ್ರೆ ಎತ್ತಿಟ್ಟಿದ್ದಳು, ಗಂಡನ ಅಂಗಿಗೆ ಇಸ್ತ್ರಿ ಹಾಕಿದ್ದಳು, ನೆನೆಸಿದ ಬಟ್ಟೆ ಹಿಂಡಿದ್ದಳು, ಮಗಳ ಡಬ್ಬಿ ತುಂಬಿದ್ದಳು, ತನ್ನ ಜ್ವರ ನೋಡಿಕೊಂಡಿದ್ದಳು. ಇವತ್ತಿನ ಸಾಲು ಬರೆಯುವ ಕೆಲಸವಿರಲಿಲ್ಲ. ಅದನ್ನು ಭಾನುವಾರವೇ ಮುಗಿಸಿದ್ದಳು.

ರಕ್ತದ ಕ್ಯಾನ್ಸರ್ ಎರಡನೇ ಸಲ ಮರಳಿದಾಗ ಆಸ್ಪತ್ರೆಯವರು ಅವಳದೇ ಬಿಳಿ ರಕ್ತಕಣಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಅವಕ್ಕೆ ಶತ್ರುವಿನ ಗುರುತು ಕಲಿಸಿ, ಹನ್ನೊಂದು ದಿನದ ಹಿಂದೆ ಮತ್ತೆ ಮೈಗೆ ಹರಿಸಿದ್ದರು. ಶನಿವಾರ ಮನೆಗೆ ಕಳಿಸುವಾಗ ನರ್ಸ್ ಗಂಡನಿಗೆ ಹೇಳಿದ್ದಳು: "ಈ ಕಣಗಳು ಒಮ್ಮೊಮ್ಮೆ ಕೆರಳಿ ಮಿದುಳಿಗೂ ತೊಂದರೆ ಕೊಡ್ತವೆ. ಆಗ ಕೈಬರಹ ಬೇಗ ಕೆಡುತ್ತೆ. ದಿನಾ ಬೆಳಿಗ್ಗೆ ನಿಮ್ಮೆದುರಿಗೇ ಒಂದೇ ಸಾಲು ಬರೆಸಿ, ಫೋಟೊ ಕಳಿಸಿ. ಅವರಿಗೆ ಪೂರ್ತಿ ವಿಶ್ರಾಂತಿ ಬೇಕು."

ವಿಶ್ರಾಂತಿ ಆಸ್ಪತ್ರೆಯ ಬಾಗಿಲಲ್ಲೇ ಉಳಿಯಿತು. "ಹೇಗೂ ಮನೇಲೇ ಇರ್ತೀಯಲ್ಲ," ಎಂದರು ಅತ್ತೆ. ಬೆಳಗಿನ ಗಡಿಬಿಡಿಯಲ್ಲಿ ಪೆನ್ನು ಹಿಡಿದು ಕೂರಲು ಪುರುಸೊತ್ತೆಲ್ಲಿ? ವಾರದ ತರಕಾರಿ ಒಮ್ಮೆಗೇ ಹೆಚ್ಚಿಡುವಂತೆ ಏಳು ಪುಟಗಳನ್ನೂ ಒಂದೇ ಕೂತಲ್ಲಿ ಬರೆದಿಟ್ಟಳು: ‘ನಮ್ಮ ಮನೆಯ ಕಿಟಕಿ ಪೂರ್ವಕ್ಕಿದೆ.’

"ಮುತ್ತು ಪೋಣಿಸಿದ ಹಾಗಿದೆ ಕಣೇ," ಎನ್ನುತ್ತ ಗಂಡ ಗುರುವಾರದ ಪುಟದ ಫೋಟೊ ಕಳಿಸಿ ಶೂ ಹುಡುಕಿದ.

"ಅಮ್ಮಾ, ರಜೆ ಚೀಟಿ!" ನಿನ್ನೆ ಶಾಲೆ ತಪ್ಪಿಸಿದ್ದ ಮಗಳು ಹಾಳೆ ಚಾಚಿದಳು. ಟೈಲರಮ್ಮ ಎರಡು ಸಾಲು ಗೀಚಿಕೊಟ್ಟಳು. "ಇದೇನಮ್ಮಾ, ಕಾಗೆ ಕಾಲು ಗುಬ್ಬಿ ಕಾಲು! ನಾನೇ ಬರ್ಕೊಂಡೆ ಅಂತಾರೆ ಮಿಸ್ಸು."

"ಅವಸರ ಕಣೇ. ಅಪ್ಪನ ಹತ್ರ ಬರೆಸ್ಕೋ."

ಇಬ್ಬರೂ ಹೋದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತಳು, ಎದ್ದಳು, ಮತ್ತೆ ಕೂತಳು. ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಎಳೆದ ಗೆರೆ ಹಾವಿನಂತೆ ಹರಿಯಿತು. ಬೆರಳುಗಳ ನಡುವೆ ಇಪ್ಪತ್ತು ವರ್ಷದಿಂದ ಇರುವ ವಸ್ತು, ಬಟ್ಟೆ ಕತ್ತರಿಸುವಂಥದ್ದು, ಅದರ ಹೆಸರೇ ನಾಲಿಗೆಗೆ ಬರಲಿಲ್ಲ.

"ಕುಕ್ಕರ್ ಆಗಿನಿಂದ ಬಡ್ಕೊಳ್ತಿದೆ, ಕಿವಿ ಎಲ್ಲಿಟ್ಟಿದ್ದೀಯೇ?" ಒಳಗಿನಿಂದ ಅತ್ತೆ.

ಮತ್ತೆ ಆಸ್ಪತ್ರೆ ಸೇರಿದರೆ ಅತ್ತೆಯ ಮಾತ್ರೆ ಯಾರು ಕೊಡುತ್ತಾರೆ, ಮಗಳ ಜಡೆ ಯಾರು ಹೆಣೆಯುತ್ತಾರೆ? ಗಂಡ ಸುಮ್ಮನಿರುತ್ತಾನೆಯೇ, "ನನಗೇ ಟೋಪಿ ಹಾಕಿದೆಯಾ" ಎನ್ನದೆ? ಇನ್ನೆರಡು ದಿನದ ಮುತ್ತಿನಂಥ ಅಕ್ಷರ ಪುಸ್ತಕದಲ್ಲಿ ಸಿದ್ಧವಾಗಿತ್ತು. ಅವಳು ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಒಲೆ ಆರಿಸಿದಳು. ಆ ಎರಡು ಪುಟಗಳನ್ನು ಹರಿದಳು. ಹೊಸ ಪುಟದಲ್ಲಿ ಅದೇ ಸಾಲು ಬರೆದಳು. ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತವು, ಕಿಟಕಿ ಅರ್ಧಕ್ಕೇ ನಿಂತಿತು. ಫೋಟೊ ತೆಗೆದು ನೇರವಾಗಿ ನರ್ಸ್‌ಗೆ ಕಳಿಸಿ, ಫೋನ್ ಬಾಯಿಯ ಹತ್ತಿರ ಹಿಡಿದಳು:

"ಸಿಸ್ಟರ್, ಬೆಳಿಗ್ಗೆ ಬಂದದ್ದು ಭಾನುವಾರದ್ದು. ಇದು ಇವತ್ತಿಂದು. ಗಾಡಿ ಕಳಿಸಿ."